ಷಡ್ಡಕನ ನಿದ್ದೆ

ಊಟದ ಡಬ್ಬಿ ಮುಚ್ಚಿ ಐದು ನಿಮಿಷ ಆಗಿರುತ್ತಿರಲಿಲ್ಲ, ಪಕ್ಕದ ಮೇಜಿನ ಷಡ್ಡಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದ. ಸರಿಯಾಗಿ ಇಪ್ಪತ್ತು ನಿಮಿಷ. ಅಲಾರಾಂ ಬೇಡ, ಎಬ್ಬಿಸುವವರೂ ಬೇಡ. ಎದ್ದಾಗ ಮುಖ ಆಗಷ್ಟೇ ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ. ಅದನ್ನು ನೋಡಿದರೆ ಸಾಕು, ನಮ್ಮ ಕರಡು ತಿದ್ದುವವನಿಗೆ ಮೈಯೆಲ್ಲ ಉರಿ.

ಇಬ್ಬರಿಗೂ ಒಂದೇ ವಾರಪತ್ರಿಕೆಯಲ್ಲಿ ಕೆಲಸ. ಕರಡು ತಿದ್ದುವವ ಅಕ್ಕನ ಗಂಡ, ಪುಟ ಜೋಡಿಸುವ ಷಡ್ಡಕ ತಂಗಿಯ ಗಂಡ. ಎಲ್ಲೋ ಒಂದು ಅಲ್ಪವಿರಾಮ ಬಿಟ್ಟುಹೋದರೂ ಆಫೀಸನ್ನೇ ತಲೆಮೇಲೆ ಹೊತ್ತುಕೊಳ್ಳುವ ಆಸಾಮಿ ಈ ಕರಡು ತಿದ್ದುವವನು. “ಅಣ್ಣ ಅಲ್ಪವಿರಾಮ ಹಾಕ್ತಾರೆ, ನಾನು ತಗೋತೀನಿ” ಅಂತ ಷಡ್ಡಕ ನಗಿಸುತ್ತಿದ್ದ.

ಮನೆಯಲ್ಲೂ ಅದೇ ರಾಗ. “ನನ್ನ ತಂಗಿ ಗಂಡನ್ನ ನೋಡಿ, ದಿಂಬಿಗೆ ತಲೆ ತಾಗೋದೇ ತಡ, ನಿದ್ದೆ. ನೀವೋ, ಫ್ಯಾನಿನ ರೆಕ್ಕೆ ಎಣಿಸ್ತಾ ಬಿದ್ದಿರ್ತೀರಿ” ಎನ್ನುತ್ತಿದ್ದಳು ಹೆಂಡತಿ. ಅವನ ನಿದ್ದೆಯನ್ನು ನೆನೆದೇ ತನಗೆ ನಿದ್ದೆ ಬರುವುದಿಲ್ಲ ಅಂತ ಯಾವ ಗಂಡಸು ತಾನೇ ಬಾಯಿಬಿಟ್ಟು ಹೇಳಿಯಾನು?

ಸಾಲದ್ದಕ್ಕೆ ಮುಖ್ಯ ಉಪಸಂಪಾದಕರ ಕುರ್ಚಿ ಖಾಲಿಯಾಗಿತ್ತು. ಅವತ್ತು ಸಂಜೆ ಐದಕ್ಕೆ ಸಂಪಾದಕರು ಹೆಸರು ಪ್ರಕಟಿಸುವವರಿದ್ದರು. ಕಣದಲ್ಲಿದ್ದವರು ಇವರಿಬ್ಬರೇ.

ಅಂಥ ದಿನವೇ ಆರೋಗ್ಯ ಪುಟದ ಕರಡು ಇವನ ಮೇಜಿಗೆ ಬಂದು ಬೀಳಬೇಕೆ! ‘ಹಗಲಿನಲ್ಲಿ ದೀರ್ಘಕಾಲ ಮಲಗುವವರಲ್ಲಿ ಲಿವರ್ ಕ್ಯಾನ್ಸರಿನ ಅಪಾಯ ಹೆಚ್ಚಿರಬಹುದೆಂದು ಕೆಲವು ಅಧ್ಯಯನಗಳು ಹೇಳುತ್ತವೆ’ ಎಂದಿತ್ತು. ರಾತ್ರಿ ನಿದ್ದೆಗೆಡುವುದೂ ಒಳ್ಳೆಯದಲ್ಲವೆಂದು ಕೆಳಗಿನ ಸಾಲಿನಲ್ಲಿತ್ತು. ಆ ಸಾಲಿಗೆ ಅವನು ಬರಲೇ ಇಲ್ಲ.

ಊಟ ಮುಗಿದು ಷಡ್ಡಕ ಕಾಲು ಚಾಚುತ್ತಿದ್ದಂತೆ ಇವನು ಗಂಟಲು ಸರಿಮಾಡಿಕೊಂಡು ಓದಿದ. “ಹಗಲು ಮಲಗುವವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಹೆಚ್ಚು!”

ಒಂದು ಕೊಂಬು ಬಿಟ್ಟುಹೋದರೂ ಕೂಗಾಡುವವನು ‘ದೀರ್ಘಕಾಲ’, ‘ಇರಬಹುದು’, ‘ಕೆಲವು’ ಮೂರನ್ನೂ ನೀರು ಕುಡಿದಷ್ಟು ಸಲೀಸಾಗಿ ನುಂಗಿದ್ದ.

ಷಡ್ಡಕ ಚಾಚಿದ ಕಾಲು ಎಳೆದುಕೊಂಡ. “ನಿಜವಾ ಅಣ್ಣ?”

“ಅಚ್ಚಾಗೋ ವಿಷಯ ಕಣಯ್ಯ, ಸುಳ್ಳು ಇರುತ್ತಾ?”

ಎದುರಿನ ಟೈಪಿಸ್ಟಮ್ಮ ಕೆಲಸ ಬಿಟ್ಟು ಎದ್ದು ಬಂದಳು. “ಅಯ್ಯೋ, ಲಿವರ್ ಕೆಟ್ಟರೆ ಮೊದಲು ಹೊಟ್ಟೆ ಉರಿ ಶುರುವಾಗುತ್ತಂತೆ. ನಿಮಗಿದೆಯಾ?”

ಷಡ್ಡಕ ಹೊಟ್ಟೆ ಮುಟ್ಟಿ ನೋಡಿಕೊಂಡ. “ನನಗಿಲ್ಲಪ್ಪ. ಅಣ್ಣ, ನಿಮಗೆ?”

“ನನಗ್ಯಾಕಯ್ಯ ಹೊಟ್ಟೆ ಉರಿ?” ಅಂತ ಇವನು ಹೌಹಾರಿದ. ಟೈಪಿಸ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಜಾಗಕ್ಕೆ ಹೋದಳು.

ಷಡ್ಡಕ ಮಾತ್ರ ನಿಜವಾಗಿ ಹೆದರಿದ್ದ. ಮುಖ ತೊಳೆದ. ಕಾಫಿ ಕುಡಿದ, ಮತ್ತೆ ಕುಡಿದ. ಕೂತರೆ ತೂಕಡಿಕೆ ಬರುತ್ತದೆಂದು ನಿಂತೇ ಪುಟ ಜೋಡಿಸತೊಡಗಿದ. ಕಣ್ಣು ಕೆಂಪಗಾಗಿ, ತುಟಿ ಜೋತುಬಿದ್ದು, ಪಾಪ, ನೋಡಲಾಗದು.

ಇವನಂತೂ ಕಣ್ತುಂಬ ನೋಡಿದ. ಎಷ್ಟು ವರ್ಷದ ಮೇಲೆ ಹೊಟ್ಟೆ ತಣ್ಣಗಾಯಿತು! ನರನಾಡಿ ಸಡಿಲವಾಯಿತು, ಪುಟದ ಮೇಲಿನ ಅಕ್ಷರಗಳು ಮೆಲ್ಲಗೆ ಮಸುಕಾದವು. ‘ಒಂದೇ ನಿಮಿಷ’ ಅಂದುಕೊಂಡು ಗಲ್ಲವನ್ನು ಮೇಜಿಗೆ ಆನಿಸಿದ.

ಎಚ್ಚರವಾದಾಗ ಗಡಿಯಾರದಲ್ಲಿ ಐದೂಕಾಲು. ತಿದ್ದಬೇಕಿದ್ದ ಕರಡೆಲ್ಲ ತಿದ್ದಿ ಪಕ್ಕಕ್ಕೆ ಇಟ್ಟಾಗಿತ್ತು. ಎಲ್ಲರೂ ಷಡ್ಡಕನ ಕೈ ಕುಲುಕುತ್ತಿದ್ದರು.

“ಸಂಪಾದಕರು ಎರಡೂವರೆಗೇ ಬಂದಿದ್ರು” ಅಂದಳು ಟೈಪಿಸ್ಟಮ್ಮ. “ನಿಮ್ಮ ಗೊರಕೆ ಮೆಟ್ಟಿಲತನಕ ಕೇಳ್ತಿತ್ತು.”

ಷಡ್ಡಕ ಓಡಿಬಂದು ಅಪ್ಪಿಕೊಂಡ. “ಎಬ್ಬಿಸಬೇಡಿ ಸಾರ್, ಅಣ್ಣ ನಿದ್ದೆ ಮಾಡಿ ಎಷ್ಟು ದಿನ ಆಯ್ತೋ ಅಂತ ಸಂಪಾದಕರಿಗೆ ನಾನೇ ಕೈಮುಗಿದೆ. ನಿಮ್ಮ ಕೆಲಸಾನೂ ಮುಗಿಸಿಟ್ಟೆ. ನೀವು ಹೆದರಿಸದೇ ಇದ್ದಿದ್ರೆ ನಾನೇ ಮಲಗಿ ಸಿಕ್ಕಿಬೀಳ್ತಿದ್ದೆ ಅಣ್ಣ!”

ಇವನು ಗೋಡೆಗೆ ಅಂಟಿಸಿದ್ದ ನೇಮಕದ ಆದೇಶದ ಹತ್ತಿರ ಹೋದ. ಬೆಳಿಗ್ಗೆಯೇ ಟೈಪಾಗಿದ್ದ ಹಾಳೆ. ಮುಖ್ಯ ಉಪಸಂಪಾದಕ ಎಂಬುದರ ಮುಂದೆ ಅಚ್ಚುಕಟ್ಟಾಗಿ ಇವನದೇ ಹೆಸರಿತ್ತು. ಅದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದು, ಪಕ್ಕದಲ್ಲಿ ಸಂಪಾದಕರು ಷಡ್ಡಕನ ಹೆಸರು ಬರೆದಿದ್ದರು.

ಇವನು ಕನ್ನಡಕ ಏರಿಸಿ ಮೂರು ಸಲ ಓದಿದ. ತಿದ್ದುಪಡಿಯಲ್ಲಿ ಒಂದೇ ಒಂದು ತಪ್ಪೂ ಸಿಗಲಿಲ್ಲ.