ಬ್ರೆಜಿಲ್ ಮರದ ಮೇಲೆ ಒಂದು ಚಾಪೆಯಗಲ

"ನಮ್ಮನೆ ನೆಲದ ಮೇಲೆ ಎಲ್ಲರೂ ಸಮಾನರು!" ಎಂದು ಹೊನ್ನಾವರದ ವಿನಾಯಕ ಹೆಗಡೆ ಘೋಷಿಸಿದ್ದು, ಜಗುಲಿಗೆ ಬ್ರೆಜಿಲ್‌ನ ಜಟೋಬಾ ಮರ ಹಾಸಿಸಿದ ದಿನ. ಸಾಗುವಾನಿಗಿಂತ ಎರಡು ಪಟ್ಟು ಗಟ್ಟಿ! ಬೆಳಕು ಕಂಡಷ್ಟೂ ಬಣ್ಣವೇರುವ ಮರ! ಮೂರು ತಿಂಗಳಾದ ಮೇಲೆ, ಆ ನೆಲದಲ್ಲೇ ಸಹಭೋಜನ ಎಂದು ತನ್ನ ಜಾತಿವಿರೋಧಿ ಸಂಘದ ಹತ್ತು ಜನರನ್ನು ಕರೆದೂಬಿಟ್ಟ. ಸಮಾನತೆಯ ಭಾಷಣ ಅವನದೇ. ಇಪ್ಪತ್ತು ವರ್ಷಗಳಿಂದಲೂ ಅವನದೇ.

ಊಟದ ದಿನ ಬೆಳಿಗ್ಗೆ ಬಾಗಿಲ ಪಕ್ಕದ ಚಾಪೆ ಅವನ ಕಣ್ಣು ಚುಚ್ಚಿತು. ಮನೆಗೆಲಸದ ಕುಸುಮಾ ಚಾ ಕುಡಿಯಲು ಕೂರುವ ಚಾಪೆ. ಮೂರು ತಿಂಗಳಿಂದ ಅಲ್ಲೇ ಬಿದ್ದಿದೆ. ಹಾಸಿದವನು ಅವನೇ, "ಚಾ ಚೆಲ್ಲಿ ಮರ ಹಾಳಾದೀತು" ಎಂಬ ನೆಪ. ಚಾ ಚೆಲ್ಲುವ ರೋಗ ಇಡೀ ಊರಿನಲ್ಲಿ ಕುಸುಮಾಳೊಬ್ಬಳಿಗೇ ಇತ್ತೆಂದು ಕಾಣುತ್ತದೆ. ಬೇರೆ ಯಾರಿಗೂ ಚಾಪೆ ಬಿದ್ದಿರಲಿಲ್ಲ!

ಸಂಘದವರು ನೋಡಿದರೆ ಇಪ್ಪತ್ತು ವರ್ಷದ ಮಾನ ಹೋಯಿತು. ಗಡಬಡಿಸಿ ಚಾಪೆ ಎತ್ತಿದ. ಜಗುಲಿಯೆಲ್ಲ ಬೆಳಕುಂಡು ಕಡುಗಪ್ಪಾಗಿದೆ. ಚಾಪೆಯಡಿ ಮಾತ್ರ ಬೆಳ್ಳನೆಯ ಚೌಕ, ಸರಿಯಾಗಿ ಒಬ್ಬರು ಕೂರುವಷ್ಟು!

ಮರ ಕೊಟ್ಟ ಕುಮಟಾದ ಅಂಗಡಿಗೆ ಫೋನು ಹೋಯಿತು.

"ಎಂತದೂ ಮಾಡ್ಬೇಡಿ ಹೆಗ್ಡೇರೆ. ಬೆಳಕು ಬೀಳ್ಲಿ, ಎರಡ್ ತಿಂಗ್ಳಲ್ಲಿ ಒಂದೇ ಬಣ್ಣ ಆಗ್ತದೆ."

"ಒಂದು ಗಂಟೆಗೆ ಜನ ಬರ್ತಾರೆ ಮಾರಾಯ!"

ಕೊನೆಗೆ ಕಲೆ ಕೂತು ಕಪ್ಪಾಗಲೆಂದು ಮಹಾಶಯ ತಾನೇ ಕಡು ಚಾ ಕುದಿಸಿ ಆ ಚೌಕಕ್ಕೆ ಸುರಿದ! ಮರ ಒಂದು ಹನಿಯನ್ನೂ ಕುಡಿಯಲಿಲ್ಲ. ಒರೆಸಿದರೆ ಮೊದಲಿನಷ್ಟೇ ಬಿಳಿ.

ಹೆಂಡತಿ ಶ್ರೀಗೌರಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಚಾ ಬಿದ್ರೆ ಮರ ಹಾಳಾಗ್ತು ಹೇಳಿ ಚಾಪೆ ಹಾಕಿದ್ದು ಯಾರು? ಈಗ ಸುರಿದ್ರೂ ಕಲೆ ಕೂರ್ತಿಲ್ಲೆ!"

ವಿನಾಯಕ ಚೌಕದ ಮೇಲೊಂದು ದೊಡ್ಡ ಹೂವಿನ ಕುಂಡ ಎಳೆದಿಟ್ಟ.

ಒಂದು ಗಂಟೆ. ಬಾಳೆಲೆಗಳು ಬಿದ್ದವು. "ಈ ನೆಲಕ್ಕೆ ಮೇಲು ಕೀಳು ಗೊತ್ತಿಲ್ಲ…" ಎಂದು ಭಾಷಣ ಏರುತ್ತಿರುವಾಗಲೇ ಸಂಘದ ಸುಜಯ ಎಲೆಗೆ ಜಾಗ ಮಾಡಲು ಕುಂಡ ಸರಿಸಿದ.

"ಇದೆಂತ ಹೆಗ್ಡೇರೆ, ಇಲ್ಲೊಂದೇ ಬೆಳ್ಳಗೆ?"

"ಅದು… ಮರದ ಗುಣ."

ನೀರಿನ ತಂಬಿಗೆ ಹಿಡಿದು ಬಂದ ಕುಸುಮಾ ನಿಂತಳು.

"ತಪ್ಪು ಮರದ ಮೇಲೆ ಎಂತಕ್ಕೆ ಹಾಕ್ತ್ರಿ ಒಡೆಯಾ? ಅದು ನನ್ನ ಚಾಪೆ ಜಾಗ. ನಾ ಚಾ ಚೆಲ್ಲಿ ನೆಲ ಹಾಳಾಗ್ತದೆ ಅಂದಿದ್ರಿ. ಈಗ ನೋಡಿ, ನಾ ಕೂತಲ್ಲಿ ಒಂದೇ ಬೆಳ್ಳಗದೆ. ಕಪ್ಪಾಗಿದ್ದೆಲ್ಲ ನೀವು ಕೂತ ಜಾಗ!"