ಚಿಕ್ಕಮಾವನ ಚಿಲುಮೆ

ನಮ್ಮ ಚಿಕ್ಕಮಾವನಿಗೆ ದಯವಿಟ್ಟು ಯಾರೂ ನೀರು ಕೊಡಬೇಡಿ. ಕೊಟ್ಟರೆ ಅವರು ಕುಡಿಯುವುದಿಲ್ಲ, ಚರಿತ್ರೆ ಹೇಳುತ್ತಾರೆ!

ಚಿಕ್ಕಮಾವ ಎಂದರೆ ನನ್ನ ಮಾವನವರ ತಮ್ಮ. ನೈರೋಬಿಯಲ್ಲಿ ಆಯುಷ್ಯವೆಲ್ಲ ಚರಿತ್ರೆ ಪಾಠ ಮಾಡಿ ನಿವೃತ್ತರಾಗಿ, ಈಗ ಅಲ್ಲೇ ಸೌತ್ ಬಿ ಬಡಾವಣೆಯಲ್ಲಿ ಮಗನ ಜೊತೆ ಇದ್ದಾರೆ. ಅವರ ಪಾಲಿಗೆ ಪ್ರಪಂಚದ ಚರಿತ್ರೆಯೆಲ್ಲ ಒಂದೇ ಒಂದು ಚಿಲುಮೆಯಲ್ಲಿದೆ. ಊರಿನ ದಕ್ಷಿಣಕ್ಕೆ, ಮುಳ್ಳುಕಂಟಿ ಬಿಟ್ಟು ಏನೂ ಬೆಳೆಯದ ಬೆಂಗಾಡಿನಲ್ಲಿ, ಬಂಡೆಯ ಅಡಿಯಿಂದ ಜಿನುಗುವ ನೀರು. ಮೊದಲು ಅದು ದನಗಾಹಿ ಮಾಸಾಯಿಗಳ ದನಗಳದ್ದು. ಆಮೇಲೆ ಹೊಸ ನೆಲ ಹುಡುಕಿ ಹೊರಟ ಬಿಳಿಯರ ಎತ್ತಿನ ಗಾಡಿಗಳು, ಅವುಗಳ ಬೆನ್ನಿಗೇ ಉಪ್ಪು, ಸಕ್ಕರೆ ಹೇರಿಕೊಂಡ ಗುಜರಾತಿ ಅಂಗಡಿಯವರ ಗಾಡಿಗಳು, ಎಲ್ಲವೂ ಅಲ್ಲೇ ತಂಗುತ್ತಿದ್ದವಂತೆ. ದಿನವಿಡೀ ಬಾಯಾರಿದ ಎತ್ತುಗಳು ದೂರದಿಂದಲೇ ನೀರಿನ ವಾಸನೆ ಹಿಡಿದು ಗಾಡಿಸಮೇತ ಓಡುತ್ತಿದ್ದವಂತೆ. ಕೊಳವೆಬಾವಿಗಳು ಬಂದ ಮೇಲೆ ಚಿಲುಮೆಯನ್ನು ಎಲ್ಲರೂ ಮರೆತರು, ಚಿಕ್ಕಮಾವನೊಬ್ಬರನ್ನು ಬಿಟ್ಟು.

ಒಮ್ಮೆ ಹಲ್ಲಿನ ಡಾಕ್ಟರು ಬಾಯಿ ಮುಕ್ಕಳಿಸಲು ನೀರು ಕೊಟ್ಟರು ನೋಡಿ. ಲೋಟ ಹಿಡಿದ ಚಿಕ್ಕಮಾವ ಕತೆಯಲ್ಲಿ ಎತ್ತುಗಳ ನೊಗ ಬಿಚ್ಚುವ ಹೊತ್ತಿಗೆ, ಹೊರಗೆ ಕಾಯುತ್ತಿದ್ದವರೆಲ್ಲ ಹಲ್ಲುನೋವು ವಾಸಿಯಾಗಿ ಮನೆಗೆ ಹೋಗಿದ್ದರು!

ನಾವೆಲ್ಲ ನಗುತ್ತಲೇ ಇದ್ದೆವು. ಒಂದು ಭಾನುವಾರ ರಿವರ್‌ಸೈಡಿನ ನಮ್ಮ ಮನೆಗೆ ಊಟಕ್ಕೆಂದು ತಾವೇ ಕಾರು ಓಡಿಸಿಕೊಂಡು ಹೊರಟವರು ಎಷ್ಟು ಹೊತ್ತಾದರೂ ಬರಲಿಲ್ಲ. ಫೋನ್ ಮಾಡಿದೆ.

"ಲಂಗಾಟಾದಲ್ಲಿದೀನಮ್ಮ. ನಿಮ್ಮನೆ ಕಾಣಿಸ್ತಾನೇ ಇಲ್ವಲ್ಲ?" ಎಂದರು.

ಲಂಗಾಟಾ ನಮ್ಮನೆಯ ದಿಕ್ಕೇ ಅಲ್ಲ. ಆ ಸಲ ನನಗೆ ನಗು ಬರಲಿಲ್ಲ. ಇನ್ನು ಓಡಿಸುವುದು ಬೇಡವೆಂದು ಅವರ ಮಗ ಕಾರಿನ ಕೀ ಕೇಳಿದ. ಇಲ್ಲಿ ಹುಟ್ಟಿ ಬೆಳೆದವನು, ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಚಿಕ್ಕಮಾವ ಪಂಥ ಕಟ್ಟಿದರು. "ಫೋನ್ ನೋಡದೆ, ಯಾರನ್ನೂ ಕೇಳದೆ ಚಿಲುಮೆಗೆ ಕರ್ಕೊಂಡು ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಕೀ ನಿನ್ನದು."

ಮುಂದಿನ ಶನಿವಾರ ಹೊರಟೆವು. ಅವರ ಪಕ್ಕದಲ್ಲಿ ನಾನು, ಹಿಂದೆ ಮಗ. ಟಾರು ಮುಗಿದು ಮಣ್ಣುರಸ್ತೆ ಬಂತು. ಅದು ಒಂದು ಕಡೆ ಮೂರಾಗಿ ಒಡೆಯಿತು. ಚಿಕ್ಕಮಾವ ಕಾರು ನಿಲ್ಲಿಸಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಚರಿತ್ರೆ ಹೇಳದ ಚಿಕ್ಕಮಾವನನ್ನು ನಾನು ಕಂಡದ್ದು ಅದೇ ಮೊದಲು, ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಅಪ್ಪ, ವೀ ಆರ್ ಲಾಸ್ಟ್. ಜಸ್ಟ್ ಅಡ್ಮಿಟ್ ಇಟ್."

"ಸುಮ್ನಿರೋ. ಯೋಚನೆ ಮಾಡ್ತಿದೀನಿ."

ಅಷ್ಟರಲ್ಲಿ ಧೂಳೆಬ್ಬಿಸುತ್ತಾ ಒಂದು ದನದ ಹಿಂಡು ಬಂತು. ಕಾರನ್ನು ಬಳಸಿಕೊಂಡು ನಡುವಿನ ದಾರಿ ಹಿಡಿದು ಬಿರಬಿರನೆ ನಡೆಯಿತು. ಚಿಕ್ಕಮಾವ ಗೇರು ಹಾಕಿ ಅದರ ಹಿಂದೆಯೇ ಹೊರಟರು. ಚರಿತ್ರೆಯೂ ಶುರುವಾಯಿತು, ಎಂದಿಗಿಂತ ಜೋರಾಗಿ, ಎಂದಿಗಿಂತ ಬೇಗ ಬೇಗ.

ಚಿಲುಮೆ ಸಿಕ್ಕಿತು. ದನಗಳು ಕುಡಿದು ಬಿಟ್ಟ ಮೇಲೆ ಬೊಗಸೆ ತುಂಬುವಷ್ಟು ನೀರು ಉಳಿದಿತ್ತು, ಬಂಡೆಯ ಮೇಲೆ ಗಾಡಿಚಕ್ರ ಉಜ್ಜಿದ ಗೆರೆಗಳಿದ್ದವು. ಮಗ ಆ ಗೆರೆಗಳ ಮೇಲೆ ಬೆರಳಾಡಿಸಿದ. "ಸಾರಿ ಅಪ್ಪ. ಯು ವಿನ್," ಎಂದು ಫೋಟೊ ತೆಗೆಯಲು ಆಚೆ ಹೋದ.

ಚಿಕ್ಕಮಾವ ಕೀಯನ್ನು ನನ್ನ ಕೈಯಲ್ಲಿಟ್ಟರು.

"ಗೆದ್ರಲ್ಲ ಚಿಕ್ಕಮಾವ."

"ಇಲ್ಲಮ್ಮ. ಮೂರು ದಾರೀನೂ ಹೊಸದಾಗಿ ಕಾಣಿಸ್ತು. ದನ ಬರ್ದೇ ಇದ್ದಿದ್ರೆ ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತಿದ್ನೋ. ಇನ್ಮೇಲೆ ನಾನು ಓಡಿಸಬಾರದು. ಅವನಿಗೆ ನಾಳೆ ನಾನೇ ಹೇಳ್ತೀನಿ. ಇವತ್ತೊಂದಿನ ಅವನ ಮುಂದೆ ಗೆದ್ದೋನಾಗೇ ಇರ್ತೀನಿ."

ಮಣ್ಣುರಸ್ತೆಯಲ್ಲಿ ಓಡಿಸಿ ನೋಡುವ ಆಸೆಯೆಂದು ಮಗನಿಗೆ ಸುಳ್ಳು ಹೇಳಿ ನಾನೇ ಡ್ರೈವರ್ ಸೀಟಿನಲ್ಲಿ ಕೂತೆ. ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ಅವನು, "ನೆಕ್ಸ್ಟ್ ಇಯರ್ ಆಲ್ಸೋ ಯು ಬ್ರಿಂಗ್ ಅಸ್, ಅಪ್ಪ," ಎಂದ.

"ಹೂಂ," ಎಂದರು ಚಿಕ್ಕಮಾವ. ನನಗೆ ಅಳು ಬಂತು.