ಎಕ್ಸ್ ಮೇಷ್ಟ್ರ ಇಪ್ಪತ್ತೇಳನೇ ಲೆಕ್ಕ

ಈ ಜಗತ್ತಿನಲ್ಲಿ ಸಮೀಕರಣಕ್ಕೆ ಸಿಕ್ಕದ ವಸ್ತುವೇ ಇಲ್ಲ! ಹೀಗೆಂದು ಎಕ್ಸ್ ಮೇಷ್ಟ್ರು ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪೆನ್ಸಿಲನ್ನು ಮೇಲೆತ್ತಿ, ದಂಡಯಾತ್ರೆಗೆ ಹೊರಟ ಮಹಾರಾಜನ ಗತ್ತಿನಲ್ಲಿ ಸಾರಿದರು. ಕೇಳಿಸಿಕೊಳ್ಳುವುದಕ್ಕೆ ಇದ್ದ ಪ್ರಜೆ ಒಬ್ಬರೇ, ಅವರ ಅತ್ತೆ. ಆಕೆಗೆ ಒಲೆಯ ಮೇಲಿದ್ದ ಹಾಲಿನ ಚಿಂತೆ. ತಿರುಗಿಯೂ ನೋಡದೆ ಹೂಂ ಅಂದರು.

ಎಕ್ಸ್ ಅಂದರೆ ಸಮೀಕರಣದ x, ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಮಕ್ಕಳ ಅಭ್ಯಾಸ ಪುಸ್ತಕ ಅಚ್ಚು ಹಾಕುವ ಒಂದು ಸಣ್ಣ ಮುದ್ರಣಾಲಯದಲ್ಲಿ ಕೂತು ಲೆಕ್ಕ ಹೊಸೆಯುವುದು ಅವರ ಉದ್ಯೋಗ. ಇಪ್ಪತ್ತು ವರ್ಷದಲ್ಲಿ ಅವರು ಎದುರುಬದುರು ಓಡಿಸಿದ ರೈಲುಗಳಿಗೆ, ತುಂಬಿಸಿ ಖಾಲಿ ಮಾಡಿದ ತೊಟ್ಟಿಗಳಿಗೆ ಲೆಕ್ಕವಿಲ್ಲ. ಒಂದು ಉತ್ತರವೂ ತಪ್ಪಿದ್ದಿಲ್ಲ. ಅದಕ್ಕೇ ಅವರ ಹಾಳೆಯನ್ನು ಅಲ್ಲಿ ಯಾರೂ ತಿದ್ದುವ ಸಾಹಸಕ್ಕೆ ಹೋಗುವುದಿಲ್ಲ, ಸೀದಾ ಅಚ್ಚಿಗೆ ಹೋಗುತ್ತದೆ. ಈ ವಿಷಯವನ್ನು ಅವರು ತಾವಾಗಿ ಯಾರಿಗೂ ಹೇಳುವುದಿಲ್ಲ. ಯಾರಾದರೂ ಎದುರಿಗೆ ಐದು ನಿಮಿಷ ಕೂತರೆ ಸಾಕು, ಅದಾಗಿಯೇ ಬಾಯಿಂದ ಬರುತ್ತದೆ.

ಈ ಸಲದ ಪಾಠ ‘ದಿನನಿತ್ಯದ ಸಂದರ್ಭಗಳಿಂದ ಸರಳ ಸಮೀಕರಣ’. ನಲವತ್ತು ಲೆಕ್ಕ ಬೇಕು, ಹತ್ತು ದಿನದಲ್ಲಿ. ಹಳಸಲು ರೈಲು, ತೂತು ತೊಟ್ಟಿ ಒಂದೂ ಬೇಡ, ನಲವತ್ತಕ್ಕೆ ನಲವತ್ತನ್ನೂ ನನ್ನ ಮನೆಯೊಳಗಿಂದಲೇ ತೆಗೆಯುತ್ತೇನೆ ಎಂದು ಮೇಷ್ಟ್ರು ಪಣ ತೊಟ್ಟರು.

ಆ ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಮಹಡಿಗೆ ಹತ್ತಲು ಹದಿನೇಳು ಮೆಟ್ಟಿಲು. ಮಕ್ಕಳಿಲ್ಲ. ಹೆಂಡತಿ ಒಂಬತ್ತು ತಿಂಗಳ ಹಿಂದೆ ತೀರಿಕೊಂಡರು. ಮಗಳ ಕಾಯಿಲೆಗೆಂದು ಬಂದು ಹಾಸಿಗೆಯ ಪಕ್ಕ ಕೂತ ಅತ್ತೆ, ಎಲ್ಲ ಮುಗಿದ ಮೇಲೂ ಹೋಗಲಿಲ್ಲ. ಇರಿ ಎಂದು ಅಳಿಯ ಹೇಳಿದ್ದಿಲ್ಲ, ಇರುತ್ತೇನೆ ಎಂದು ಅತ್ತೆಯೂ ಹೇಳಿದ್ದಿಲ್ಲ. ಬೆಳಿಗ್ಗೆ ಎರಡು ಲೋಟ ಟೀ ಆಗುತ್ತಿತ್ತು, ಸಂಜೆ ಎರಡು ತಟ್ಟೆ ತೊಳೆಯುವುದಿರುತ್ತಿತ್ತು, ಮಾತು ಮಾತ್ರ ಹಾಲು, ಸೊಪ್ಪು, ನೀರು ಬಂತಾ ಎಂಬಲ್ಲಿಗೆ ನಿಲ್ಲುತ್ತಿತ್ತು. ಸತ್ತವಳ ಹೆಸರನ್ನು ಇಬ್ಬರೂ ಬಾಯಿಗೆ ತರುತ್ತಿರಲಿಲ್ಲ. ತಂದರೆ ಇನ್ನೊಬ್ಬರು ಅತ್ತುಬಿಟ್ಟಾರು ಎಂಬ ಭಯ ಇಬ್ಬರಿಗೂ ಇತ್ತು.

ಅಷ್ಟರಲ್ಲಿ ದೂರದ ಊರಿನಿಂದ ಅತ್ತೆಯ ಮಗ ಫೋನು ಮಾಡಿದ್ದ. ಅವನ ಹೆಂಡತಿಗೆ ಹೆರಿಗೆಯ ದಿನ ಹತ್ತಿರ ಬರುತ್ತಿದೆ, ಅಮ್ಮ ಬಂದು ನಮ್ಮ ಜೊತೆಯಲ್ಲೇ ಇದ್ದುಬಿಡಲಿ ಎಂದು. ಅತ್ತೆ ‘ಯೋಚನೆ ಮಾಡ್ತೀನಿ’ ಅಂದು ಫೋನಿಟ್ಟು, ಅಳಿಯನ ಮುಖ ನೋಡಿದರು. ಅಳಿಯ ಕಿಟಕಿ ನೋಡಿದರು. ಆಕೆ ಹೋಗಿಬಿಟ್ಟರೆ ಈ ಮನೆಯಲ್ಲಿ ತಾನೊಬ್ಬನೇ ಎಂದು ಮೇಷ್ಟ್ರಿಗೆ ಹೊಳೆಯಿತು. ಬಾಯಿ ಬಿಟ್ಟು ಹೇಳಿದರಾ? ಇಲ್ಲ. ಹೇಳುವುದಕ್ಕೆ ಯಾವ ಅಧಿಕಾರ? ಮಗಳಿದ್ದಾಗ ಅತ್ತೆ. ಮಗಳೇ ಇಲ್ಲದ ಮೇಲೆ ಹೆತ್ತ ಮಗನಿಂದ ಅವನ ತಾಯಿಯನ್ನು ಹೇಗೆ ಬೇಡುವುದು? ಅವರು ನಲವತ್ತು ಲೆಕ್ಕಗಳ ಹಿಂದೆ ಹೋಗಿ ಅವಿತುಕೊಂಡರು.

ಶುರುವಾಯಿತು ದಂಡಯಾತ್ರೆ. ಮೊದಲ ಬಲಿ ಸ್ನಾನದ ಸಾಬೂನು. ಇಬ್ಬರು ಉಪಯೋಗಿಸಿದರೆ ಸಾಬೂನು ದಿನಕ್ಕೆ ಎಷ್ಟು ಗ್ರಾಂ ಸವೆಯುತ್ತದೆ, ಎಷ್ಟು ದಿನಕ್ಕೆ ಮುಗಿಯುತ್ತದೆ? ಅಂದಾಜಿನ ಅಂಕಿ ಮೇಷ್ಟ್ರಿಗೆ ಆಗದು. ದಿನಾ ಬೆಳಿಗ್ಗೆ ಒದ್ದೆ ಸಾಬೂನನ್ನು ತಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರು. ಅದೇ ತಟ್ಟೆಯಲ್ಲಿ ಅತ್ತೆ ಸಕ್ಕರೆ ಸುರಿದು ಡಬ್ಬಿಗೆ ತುಂಬಿದರು. ಮೂರನೇ ದಿನ ಟೀ ನೊರೆ ಎಬ್ಬಿಸಿತು. ಹೊಸ ಪುಡಿ ಚೆನ್ನಾಗಿದೆ ಎಂದು ಮೇಷ್ಟ್ರು ಅರ್ಧ ಲೋಟ ಕುಡಿದೂಬಿಟ್ಟರು. ಆಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳ ಸರದಿ. ಒಂದು ಬಟ್ಟೆಗೆ ಎರಡು ಕ್ಲಿಪ್ಪು, ಪಕ್ಕದ ಬಟ್ಟೆಯ ಜೊತೆ ಹಂಚಿಕೊಂಡರೆ ಎಷ್ಟು ಉಳಿತಾಯ ಎಂದು ಪ್ರಯೋಗ ಮಾಡಿ, ಗಾಳಿ ಬೀಸಿದ ಮೇಲೆ ಬೀದಿಯ ಉದ್ದಕ್ಕೂ ತಮ್ಮ ಒಳಬಟ್ಟೆಗಳನ್ನು ಆರಿಸಿಕೊಂಡು ಬಂದರು.

ಬಾಗಿಲಲ್ಲಿ ನಿಂತಿದ್ದ ಅತ್ತೆ, ‘ಎಲ್ಲ ಸಿಕ್ತಾ?’ ಎಂದು ಕೇಳಿದರು.

‘ಒಂದು ಸಿಕ್ಕಿಲ್ಲ.’

‘ಅದನ್ನ ಎಕ್ಸ್ ಅಂದ್ಕೊಳ್ಳಿ’ ಎಂದು ಆಕೆ ಒಳಗೆ ಹೋದರು.

ಅಂತೂ ನಲವತ್ತು ಲೆಕ್ಕ ಮುಗಿದವು, ಎರಡು ಸಾವಿರ ಪ್ರತಿ ಅಚ್ಚಾದವು, ಅವಲ್ಲದೆ ಐವತ್ತು ಮಾದರಿ ಪ್ರತಿಗಳು ಮುಂಚಿತವಾಗಿ ಶಾಲೆಗಳಿಗೆ ಹೋದವು. ಒಂದು ವಾರ ಮೇಷ್ಟ್ರು ನೆಲದ ಮೇಲೆ ನಡೆಯಲಿಲ್ಲ. ಎಂಟನೇ ದಿನ ಮುದ್ರಣಾಲಯದ ಯಜಮಾನರು ಕರೆದು ಎದುರಿಗೆ ಕೂರಿಸಿ, ಏಳನೇ ತರಗತಿಯ ಒಬ್ಬ ಹುಡುಗಿ ಬರೆದ ಕಾಗದವನ್ನು ಗಟ್ಟಿಯಾಗಿ ಓದಿದರು.

ಪುಸ್ತಕದ ಇಪ್ಪತ್ತೇಳನೇ ಲೆಕ್ಕ ಹೀಗಿತ್ತು: ಗಂಡನಿಗೆ ಈಗ 52 ವರ್ಷ, ಹೆಂಡತಿಗೆ 45. ಎಷ್ಟು ವರ್ಷಗಳ ನಂತರ ಇಬ್ಬರ ವಯಸ್ಸು ಸೇರಿ 117 ಆಗುತ್ತದೆ? ಪುಸ್ತಕದ ಕೊನೆಯ ಪುಟದಲ್ಲಿ ಮೇಷ್ಟ್ರು ಕೊಟ್ಟ ಉತ್ತರ: 52 + x + 45 = 117. ಆದ್ದರಿಂದ x = 20. ತಾಳೆ ನೋಡಿ: 72 + 45 = 117.

ಹುಡುಗಿ ಬರೆದಿದ್ದಳು: ‘ನನಗೆ ಹತ್ತು ಬರುತ್ತದೆ. ನಿಮ್ಮ ಪುಸ್ತಕದಲ್ಲಿ ಗಂಡನಿಗೆ ಮಾತ್ರ ವಯಸ್ಸು ಕೂಡಿಸಿದ್ದೀರಿ. ಹೆಂಡತಿಗೆ ಯಾಕೆ ವಯಸ್ಸಾಗಲಿಲ್ಲ?’

ಯಜಮಾನರು ಕಾಗದ ಮಡಿಸಿದರು. ಅವರಿಗೆ ಮೇಷ್ಟ್ರ ಮನೆಯ ವಿಷಯ ಗೊತ್ತಿತ್ತು, ಅದಕ್ಕೇ ದನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು. ಮೇಷ್ಟ್ರಿಗೆ ಕೂತಲ್ಲೇ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಬರೆಯುವಾಗ ಅವರ ಕೈ ಒಂದು ಕ್ಷಣವೂ ತಡವರಿಸಿರಲಿಲ್ಲ. ಎಕ್ಸ್ ಅನ್ನು ತಮ್ಮ ವಯಸ್ಸಿಗೆ ಸೇರಿಸಿದ್ದರು, ತೀರಿಕೊಂಡ ಹೆಂಡತಿಯ ನಲವತ್ತೈದನ್ನು ಇದ್ದ ಹಾಗೇ ಬಿಟ್ಟಿದ್ದರು, ತಾಳೆಯನ್ನೂ ನೋಡಿದ್ದರು, ಎಲ್ಲ ಸರಿಯಾಗಿಯೇ ಕಂಡಿತ್ತು. ಇಪ್ಪತ್ತು ವರ್ಷದ ಹೆಸರು ಒಂದು ಕೂಡಿಸುವ ಚಿಹ್ನೆಯಲ್ಲಿ ಮಣ್ಣು ಮುಕ್ಕಿತು.

ತಿದ್ದುಪಡಿ ಚೀಟಿ ಅಚ್ಚಾಯಿತು. ಬೆರಳಗಲದ ಚೀಟಿ, ಅದರ ಮೇಲೆ ‘x = 10. ತಾಳೆ: 62 + 55 = 117’ ಎಂದು ಒಂದೇ ಸಾಲು. ಎರಡು ಸಾವಿರ ಪುಸ್ತಕಗಳನ್ನು ಮೇಷ್ಟ್ರ ಮನೆಗೇ ಸಾಗಿಸಿ, ಅಂಟಿಸಿ ಮುಗಿಸುವ ತನಕ ಕಚೇರಿಗೆ ಬರುವುದು ಬೇಡ ಎಂದು ಯಜಮಾನರು ಹೇಳಿ ಕಳಿಸಿದರು. ಹದಿನೇಳು ಮೆಟ್ಟಿಲು ಹತ್ತಿ ಬಂದ ಪೆಟ್ಟಿಗೆಗಳು ನಡುಕೋಣೆಯನ್ನು ಪೂರ್ತಿ ನುಂಗಿದವು.

ಅತ್ತೆ ಏನೂ ಕೇಳದೆ ಹಿಟ್ಟು ಕಾಯಿಸಿ ಅಂಟು ಮಾಡಿಟ್ಟರು. ಚಾಪೆ ಹಾಸಿ ಎದುರಿಗೆ ಕೂತ ಮೇಲೆ, ತಪ್ಪು ಏನು ಅಂತ ಗೊತ್ತಿಲ್ಲದೆ ನಾನು ಅಂಟಿಸಲ್ಲ ಅಂದರು. ಮೇಷ್ಟ್ರು ಎಷ್ಟು ತಪ್ಪಿಸಿಕೊಂಡರೂ ಬಿಡಲಿಲ್ಲ. ಕೊನೆಗೆ ಒಂದು ಹಾಳೆ ತೆಗೆದು, ಎಕ್ಸ್ ಅಂದರೆ ಮುಚ್ಚಿದ ಡಬ್ಬಿ, ಒಳಗೆಷ್ಟಿದೆ ಎಂದು ತೆರೆಯದೆ ಹೇಳಬೇಕು ಎಂದು ವಿವರಿಸಿದರು. ಅತ್ತೆಗೆ ಅದು ಥಟ್ಟನೆ ಹಿಡಿಯಿತು. ಜೀವಮಾನವೆಲ್ಲ ಡಬ್ಬಿ ಅಲ್ಲಾಡಿಸಿಯೇ ಬೇಳೆ ಎಷ್ಟಿದೆ ಎಂದು ಹೇಳಿದವರಲ್ಲವೇ!

‘ಗಂಡನಿಗೆ ಐವತ್ತೆರಡು, ಹೆಂಡತಿಗೆ ನಲವತ್ತೈದು’ ಎಂದು ಆಕೆ ಲೆಕ್ಕವನ್ನು ಮೆಲ್ಲಗೆ ಓದಿಕೊಂಡರು. ‘ಯಾರು ಇವರು?’

‘ಯಾರೋ, ಅತ್ತೆ. ಲೆಕ್ಕದವರು.’

ಆಕೆ ಲೆಕ್ಕದ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದರು. ಮೇಷ್ಟ್ರು ತಲೆ ಎತ್ತಲಿಲ್ಲ. ಆಕೆ ಅಳುತ್ತಾರೆ, ತಾನೂ ಅಳುತ್ತೇನೆ, ಅಂಟು ಒಣಗುತ್ತದೆ ಎಂದುಕೊಂಡರು. ಆಕೆ ಅಳಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

‘ಹಾಗಾದ್ರೆ ಈ ಚೀಟಿ ಅಂಟಿಸಿದ್ರೆ ಅವಳಿಗೆ ಐವತ್ತೈದಾಗುತ್ತೆ.’

‘ಲೆಕ್ಕದಲ್ಲಿ, ಅತ್ತೆ.’

‘ಲೆಕ್ಕದಲ್ಲೇ ಆಗ್ಲಿ’ ಎಂದು ಆಕೆ ಮೊದಲ ಚೀಟಿಗೆ ಅಂಟು ಸವರಿದರು. ಪುಟದ ಮೇಲಿಟ್ಟು, ಅಂಗೈಯಿಂದ ಒಂದು ಮೂಲೆಯೂ ಏಳದ ಹಾಗೆ ಒತ್ತಿದರು.

ಒಂದು ಗಂಟೆ ಕೆಲಸ ಆದ ಮೇಲೆ ಮೇಷ್ಟ್ರಿಗೆ ಹಳೆಯ ಚಟ ಕೆರಳಿತು. ಎಣಿಸಿ ನೋಡಿದರು. ತಮ್ಮದು ಇಪ್ಪತ್ತೈದು, ಅತ್ತೆಯದು ಹದಿನೈದು. ಇಬ್ಬರೂ ಸೇರಿ ಗಂಟೆಗೆ ನಲವತ್ತು. 40x = 2000, ಅಂದರೆ ಐವತ್ತು ಗಂಟೆ. ದಿನಕ್ಕೆ ಐದು ಗಂಟೆ ಕೂತರೆ ಸರಿಯಾಗಿ ಹತ್ತು ದಿನ. ಅತ್ತೆ ಆ ಸಂಜೆಯೇ ಮಗನಿಗೆ ಫೋನು ಮಾಡಿ, ಬರ್ತೀನಿ, ಆದರೆ ಹತ್ತು ದಿನ ಬಿಟ್ಟು ಬಾ, ಇಲ್ಲಿ ಸ್ವಲ್ಪ ಕೆಲಸ ಇದೆ ಎಂದರು. ಇದನ್ನು ಕೇಳಿದಾಗ ಮೇಷ್ಟ್ರ ಕೈಯಲ್ಲಿದ್ದ ಚೀಟಿ ಪುಟದ ಬದಲು ಮೊಣಕಾಲಿಗೆ ಅಂಟಿತ್ತು.

ಆ ಹತ್ತು ದಿನ ಆ ಮನೆಯಲ್ಲಿ ಮಾತು ಮರಳಿ ಬಂತು. ಮಗಳು ಎಂಟು ವರ್ಷದವಳಿದ್ದಾಗ ಬಟ್ಟೆಯ ಪೆಟ್ಟಿಗೆಯಲ್ಲಿ ಅವಿತು ಅಲ್ಲೇ ನಿದ್ದೆ ಹೋಗಿ ಬೀದಿಯವರನ್ನೆಲ್ಲ ಹುಡುಕಿಸಿದ್ದನ್ನು ಅತ್ತೆ ಹೇಳಿದರು. ಸೋರುವ ನಲ್ಲಿಯ ಲೆಕ್ಕ ಬರೆದಾಗಲೆಲ್ಲ, ಇಷ್ಟು ವರ್ಷದಿಂದ ಸೋರುತ್ತಿದೆ, ನಿಮ್ಮ ಪುಸ್ತಕದಲ್ಲಿ ಒಬ್ಬನಾದರೂ ನಲ್ಲಿ ರಿಪೇರಿ ಮಾಡುವವನಿಲ್ಲವಾ ಎಂದು ಅವಳು ಕೇಳುತ್ತಿದ್ದುದನ್ನು ಅಳಿಯ ಹೇಳಿದರು. ಅತ್ತೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಮೇಷ್ಟ್ರೂ ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡು, ರೆಪ್ಪೆ ಅಂಟಿಕೊಂಡು, ಅರ್ಧ ಗಂಟೆ ಒಕ್ಕಣ್ಣರಾಗಿ ಓಡಾಡಿದರು. ಒಂಬತ್ತು ತಿಂಗಳಿಂದ ಇಬ್ಬರೂ ಹೆದರಿಕೊಂಡಿದ್ದ ಅಳು ಬಂದೂ ಹೋಯಿತು, ಯಾರಿಗೂ ಏನೂ ಆಗಲಿಲ್ಲ.

ಹತ್ತನೇ ದಿನ ಸಂಜೆ ಎಣಿಸಿದರೆ ಇನ್ನೂ ಆರುನೂರು ಪುಸ್ತಕ ಉಳಿದಿದ್ದವು!

ಲೆಕ್ಕ ಮತ್ತೆ ಕೈಕೊಟ್ಟಿತ್ತು. ಆದರೆ ಈ ಸಲ ಮೇಷ್ಟ್ರಿಗೆ ಅವಮಾನವಾಗಲಿಲ್ಲ. ಒಳಗೊಳಗೇ ಏನೋ ಅರಳಿತು. ಗೋಡೆಯ ಕಡೆ ತಿರುಗಿ ಗುಟ್ಟಾಗಿ ಬರೆದರು. ಅಂಟಿಸಿದ್ದು ಒಟ್ಟು 1400. ಐವತ್ತು ಗಂಟೆಗೆ ತಮ್ಮದು 1250. ಅತ್ತೆಯ ವೇಗ ಎಕ್ಸ್ ಆದರೆ, 1250 + 50x = 1400. x = 3. ಗಂಟೆಗೆ ಬರೀ ಮೂರು! ಅಂದರೆ ಆಕೆ ಬೇಕೆಂದೇ ನಿಧಾನ ಮಾಡಿದ್ದಾರೆ. ಆಕೆಗೆ ಹೋಗುವ ಮನಸ್ಸಿಲ್ಲ. ಮೇಷ್ಟ್ರಿಗೆ ಇಪ್ಪತ್ತು ವರ್ಷದಲ್ಲಿ ಇಷ್ಟು ಸಿಹಿಯಾದ ಉತ್ತರ ಬಂದಿರಲಿಲ್ಲ. ಹಾಳೆಯನ್ನು ಅತ್ತೆಯ ಮುಂದೆ ಹಿಡಿದು, ಕಳ್ಳರನ್ನು ಹಿಡಿದ ಪೊಲೀಸಿನ ಹಾಗೆ ಮೀಸೆಯಡಿ ನಕ್ಕರು.

ಅತ್ತೆ ಹಾಳೆ ನೋಡಿದರು. ಎದ್ದು ಹೋಗಿ ಮೂಲೆಯ ಪೆಟ್ಟಿಗೆಗಳ ಮೇಲಿನ ಬಟ್ಟೆ ಸರಿಸಿದರು. ತಾವು ಅಂಟಿಸಿದ್ದನ್ನು ಹತ್ತತ್ತು ಮಾಡಿ ಬಿಳಿ ದಾರದಲ್ಲಿ ಕಟ್ಟಿ ಜೋಡಿಸಿದ್ದರು. ಮೇಷ್ಟ್ರು ಎಣಿಸಿದರು. ಎಪ್ಪತ್ತೈದು ಕಟ್ಟು. ಇನ್ನೊಮ್ಮೆ ಎಣಿಸಿದರು. ಎಪ್ಪತ್ತೈದೇ. ಏಳುನೂರ ಐವತ್ತು ಪುಸ್ತಕ, ಗಂಟೆಗೆ ಹದಿನೈದು, ಒಂದೂ ಕಡಿಮೆಯಿಲ್ಲ. ಆಕೆ ಮಾತಾಡುತ್ತಲೂ ಅಂಟಿಸಿದ್ದರು, ನಗುತ್ತಲೂ ಅಂಟಿಸಿದ್ದರು, ಅಳುತ್ತಲೂ ಅಂಟಿಸಿದ್ದರು.

ಹಾಗಾದರೆ ಅಂಟಿಸಿದ್ದರಲ್ಲಿ ಉಳಿದ ಆರುನೂರ ಐವತ್ತು ಮೇಷ್ಟ್ರದ್ದು. ಗಂಟೆಗೆ ಹದಿಮೂರು. ಎಕ್ಸ್ ಮೇಷ್ಟ್ರು ಎಕ್ಸ್ ಅನ್ನು ತಪ್ಪು ವ್ಯಕ್ತಿಯ ಹೆಸರಿಗೆ ಬರೆದಿದ್ದರು.

‘ನಾನು ಮಗನಿಗೆ ಹತ್ತು ದಿನ ಅಂದಿದ್ದೆ, ಹಾಗೇ ಕೆಲಸ ಮಾಡಿದೆ’ ಎಂದರು ಅತ್ತೆ. ‘ನೀವು ಯಾಕೆ ನಿಧಾನ ಮಾಡಿದ್ರಿ?’

ಮೇಷ್ಟ್ರು ಪೆನ್ಸಿಲ್ ಹುಡುಕಿದರು. ಅದು ಕೈಯಲ್ಲೇ ಇತ್ತು. ಅದನ್ನು ಕೆಳಗಿಟ್ಟರು.

‘ಹೋಗಬೇಡಿ, ಅತ್ತೆ.’

ಆಕೆ ದಾರದ ಉಂಡೆಯನ್ನು ಸುತ್ತಿ ಮುಗಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

‘ಇಷ್ಟು ಹೇಳೋಕೆ ನಿಮಗೆ ಎರಡು ಸಾವಿರ ಪುಸ್ತಕ ಬೇಕಾಯ್ತಾ?’ ಎಂದರು. ‘ಒಂಬತ್ತು ತಿಂಗಳಿಂದ ಕಾದೆ. ಹದಿನೈದು ದಿನ ಮುಂಚೆ ಹೇಳಿದ್ರೂ ಅವನಿಗೆ ಮಾತು ಕೊಡ್ತಿರಲಿಲ್ಲ. ಈಗ ಸೊಸೆ ತುಂಬಿದ ಹೊಟ್ಟೆ ಹೊತ್ಕೊಂಡು ನನ್ನ ದಾರಿ ನೋಡ್ತಾ ಕೂತಿದ್ದಾಳೆ. ಹೇಗೆ ಬಿಡಲಿ?’

ಇದರ ಉತ್ತರ ಪುಸ್ತಕದ ಕೊನೆಯ ಪುಟದಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಮಗ ಬಂದ. ಅತ್ತೆ ಸಕ್ಕರೆ ಎಲ್ಲಿದೆ, ಗ್ಯಾಸಿನ ನಂಬರು ಎಲ್ಲಿ ಬರೆದಿದೆ ಎಂದು ಎರಡೆರಡು ಸಲ ಹೇಳಿದರು. ಚೀಲಕ್ಕೆ ಹಾಕಿಕೊಳ್ಳಲು ಒಂದು ಪುಸ್ತಕ ಕೇಳಿದರು. ಮೇಷ್ಟ್ರು ಕೈಗೆ ಸಿಕ್ಕಿದ್ದನ್ನು ಕೊಡಲು ಹೋದರೆ, ಅದರ ಪುಟ ತೆರೆದು ನೋಡಿ ವಾಪಸು ಕೊಟ್ಟು, ಚೀಟಿ ಅಂಟಿಸಿದ್ದು ಬೇಕು ಎಂದು ತಮ್ಮ ಕಟ್ಟಿನಿಂದಲೇ ಒಂದನ್ನು ಬಿಡಿಸಿಕೊಂಡರು. ಮೇಷ್ಟ್ರು ಆಕೆಯ ಚೀಲ ಹೊತ್ತು ಮೆಟ್ಟಿಲಿಳಿದರು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು ಮೇಲೆ ಬಂದರು.

ಉಳಿದ ಆರುನೂರು ಪುಸ್ತಕಗಳಿಗೆ ಅವರೊಬ್ಬರೇ ಚಾಪೆಯ ಮೇಲೆ ಕೂತು ಚೀಟಿ ಅಂಟಿಸಿದರು. ಬೆಳಿಗ್ಗೆ ಕೂತರೆ ಮಧ್ಯೆ ನಿಲ್ಲಿಸುವುದಕ್ಕೆ ಕಾರಣವೇ ಇರಲಿಲ್ಲ. ಮೂರನೇ ದಿನ ಸಂಜೆಗೆಲ್ಲ ಮುಗಿಯಿತು. ಅಭ್ಯಾಸ ಬಲದಿಂದ ಗಡಿಯಾರ ನೋಡಿ ಭಾಗಿಸಿದರು. ಗಂಟೆಗೆ ಸರಿಯಾಗಿ ಇಪ್ಪತ್ತೈದು.